ಅಲೋಯ್ಸ್ ಆಲ್ಝೈಮರ್: ಕಾಯಿಲೆಗೆ ಹೆಸರಾದ ವೈದ್ಯ, ಆರೈಕೆ ಕೇಂದ್ರದಲ್ಲಿ ಕಳೆದ ಬದುಕು

ಆಲ್ಝೈಮರ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಒಂದು ಕಾಯಿಲೆ. ವೈದ್ಯರ ಚೀಟಿಯಲ್ಲಿ, ಸ್ಕ್ಯಾನ್ ವರದಿಯಲ್ಲಿ, ವಿಮಾ ಕಂಪನಿಯ ಅರ್ಜಿಯಲ್ಲಿ ಕಾಣುವ ಹೆಸರು. ಅದು ಒಬ್ಬ ವೈದ್ಯರ ಹೆಸರು ಎಂಬುದು ಅನೇಕರಿಗೆ ಗೊತ್ತು. ಆ ವೈದ್ಯರು ತಮ್ಮ ವೃತ್ತಿಯ ಮೊದಲ ಹದಿನಾಲ್ಕಕ್ಕೂ ಹೆಚ್ಚು ವರ್ಷಗಳನ್ನು ಮನೆಯವರು ನೋಡಿಕೊಳ್ಳಲಾಗದೆ ತಂದು ಬಿಟ್ಟ ರೋಗಿಗಳ ಸಂಸ್ಥೆಯೊಂದರಲ್ಲಿ ಕಳೆದರು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಅಪ್ಪನನ್ನೋ ಅಮ್ಮನನ್ನೋ ಆರೈಕೆ ಕೇಂದ್ರಕ್ಕೆ ಸೇರಿಸಬೇಕೇ ಎಂದು ಯೋಚಿಸುತ್ತಿರುವವರಿಗೆ, ಈಗಾಗಲೇ ಸೇರಿಸಿ ರಾತ್ರಿ ನಿದ್ದೆ ಬಾರದವರಿಗೆ ಈ ಬದುಕಿನಲ್ಲಿ ತಿಳಿಯಬೇಕಾದ್ದು ಸಾಕಷ್ಟಿದೆ. ಖರ್ಚು, ತಪ್ಪಿತಸ್ಥ ಭಾವ, ಹಾಸಿಗೆ ಹುಣ್ಣು, ನಿದ್ದೆ ಮಾತ್ರೆ ಎಲ್ಲವೂ ಅಲ್ಲಿ ಆಗಲೇ ಇದ್ದವು.

ಸಣ್ಣ ಊರಿನಿಂದ ದೊಡ್ಡ ಆಸ್ಪತ್ರೆಗೆ

ಅಲೋಯ್ಸ್ ಆಲ್ಝೈಮರ್ ಹುಟ್ಟಿದ್ದು 1864ರ ಜೂನ್ 14ರಂದು, ಜರ್ಮನಿಯ ಬವೇರಿಯಾದಲ್ಲಿ ಮೈನ್ ನದಿಯ ದಡದಲ್ಲಿರುವ ಮಾರ್ಕ್ಟ್‌ಬ್ರೈಟ್ ಎಂಬ ಸಣ್ಣ ಊರಿನಲ್ಲಿ. ತಂದೆ ನೋಟರಿ. ಶಾಲೆ ಅಶಾಫೆನ್‌ಬುರ್ಗ್‌ನಲ್ಲಿ, ವೈದ್ಯಕೀಯ ಓದು ಬರ್ಲಿನ್, ಟ್ಯೂಬಿಂಗೆನ್ ಮತ್ತು ವ್ಯುರ್ಟ್ಸ್‌ಬುರ್ಗ್‌ನಲ್ಲಿ. 1887ರಲ್ಲಿ ಪದವಿ ಬಂತು. ಅದಕ್ಕೆ ಅವರು ಬರೆದ ಪ್ರಬಂಧದ ವಿಷಯ ಮಿದುಳಲ್ಲ, ಕಿವಿಯಲ್ಲಿ ಗುಗ್ಗೆ ಉಂಟುಮಾಡುವ ಗ್ರಂಥಿಗಳು. ಸೂಕ್ಷ್ಮದರ್ಶಕದ ಮುಂದೆ ಗಂಟೆಗಟ್ಟಲೆ ಕೂರುವ ಅಭ್ಯಾಸ ಅಲ್ಲಿಂದಲೇ ಶುರುವಾಯಿತು.

ಮರುವರ್ಷ ಮಾನಸಿಕ ಕಾಯಿಲೆಯಿದ್ದ ಮಹಿಳೆಯೊಬ್ಬರ ಜೊತೆ ವೈದ್ಯರಾಗಿ ಐದು ತಿಂಗಳು ಪ್ರವಾಸ ಮಾಡಿದರು. ಒಬ್ಬರೇ ರೋಗಿ, ಹಗಲೂ ರಾತ್ರಿ ಜೊತೆ. ಆಮೇಲೆ, 1888ರ ಡಿಸೆಂಬರಿನಲ್ಲಿ, ಫ್ರಾಂಕ್‌ಫರ್ಟ್ ನಗರದ ಮಾನಸಿಕ ಮತ್ತು ಮೂರ್ಛೆ ರೋಗಿಗಳ ಆಸ್ಪತ್ರೆಗೆ ಸಹಾಯಕ ವೈದ್ಯರಾಗಿ ಸೇರಿದರು. ಅರಮನೆಯಂತೆ ಕಾಣುತ್ತಿದ್ದ ಆ ಕಟ್ಟಡವನ್ನು ಊರವರು ಹುಚ್ಚರ ಕೋಟೆ ಎಂದು ಕರೆಯುತ್ತಿದ್ದರು. ನಮ್ಮಲ್ಲೂ ಇಂಥ ಆಸ್ಪತ್ರೆಗಳಿಗೆ ಜನ ಇಟ್ಟ ಅಡ್ಡಹೆಸರುಗಳು ನಿಮಗೆ ಗೊತ್ತೇ ಇವೆ. ಒಳಗೆ ಕಾಲಿಡುವ ಮೊದಲೇ ಮನೆಯವರ ಎದೆ ಕುಗ್ಗಿಸುವ ಹೆಸರುಗಳು ಅವು.

ಕಟ್ಟಿಹಾಕದೆ ನೋಡಿಕೊಳ್ಳುವುದು

ಆಸ್ಪತ್ರೆಯ ಹೊಸ ನಿರ್ದೇಶಕ ಎಮಿಲ್ ಸಿಯೋಲಿ ಒಂದು ಪದ್ಧತಿಯನ್ನು ತರಲು ಹೊರಟಿದ್ದರು. ಇಂಗ್ಲೆಂಡಿನಲ್ಲಿ ಅದು ದಶಕಗಳ ಹಿಂದೆಯೇ ಶುರುವಾಗಿತ್ತು. ರೋಗಿಯನ್ನು ಕಟ್ಟಿಹಾಕಬಾರದು, ಕೈಗಳನ್ನು ಬಿಗಿಯುವ ಅಂಗಿ ತೊಡಿಸಬಾರದು, ಒಂಟಿ ಕೋಣೆಯಲ್ಲಿ ಕೂಡಿಹಾಕುವುದನ್ನು ಆದಷ್ಟೂ ತಪ್ಪಿಸಬೇಕು. ಅದರ ಬದಲು ದೊಡ್ಡ ಕೊಠಡಿಯಲ್ಲಿ ಸಿಬ್ಬಂದಿಯ ಕಣ್ಣೆದುರು ಇರಿಸಿ ನೋಡಿಕೊಳ್ಳಬೇಕು. ಗಾಬರಿಗೊಂಡವರಿಗೆ ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಗಂಟೆಗಟ್ಟಲೆ ಸ್ನಾನ ಮಾಡಿಸುತ್ತಿದ್ದರು. ಆ ಕಾಲಕ್ಕೆ ಅದೇ ಮುಖ್ಯ ಚಿಕಿತ್ಸೆ.

ಆಲ್ಝೈಮರ್ ಈ ಕೆಲಸದಲ್ಲಿ ಮುಳುಗಿದರು. ರೋಗಿಗಳ ಪಕ್ಕದಲ್ಲಿ ಕೂತು ದೀರ್ಘವಾಗಿ ಮಾತಾಡಿಸುವುದು, ಹೇಳಿದ್ದನ್ನು ಹಾಗೆಯೇ ಬರೆದಿಡುವುದು ಅವರ ಕ್ರಮ. 1889ರಲ್ಲಿ ಫ್ರಾನ್ಸ್ ನಿಸ್ಲ್ ಅಲ್ಲಿಗೆ ಬಂದರು. ನರಕೋಶಗಳು ಸ್ಪಷ್ಟವಾಗಿ ಕಾಣುವಂತೆ ಬಣ್ಣ ಹಾಕುವ ವಿಧಾನ ಕಂಡುಹಿಡಿದವರು ಇವರೇ. ಇಬ್ಬರೂ ಗೆಳೆಯರಾದರು. ಹಗಲು ವಾರ್ಡು, ರಾತ್ರಿ ಸೂಕ್ಷ್ಮದರ್ಶಕ.

ಇಂದಿಗೂ ಡಿಮೆನ್ಷಿಯಾ ಕೇಂದ್ರವೊಂದನ್ನು ಅಳೆಯುವುದಕ್ಕೆ ಒಳ್ಳೆಯ ಅಳತೆಗೋಲು ಇದೇ. ಅಲ್ಲಿರುವವರು ಗಲಾಟೆ ಮಾಡಿದಾಗ ಸಿಬ್ಬಂದಿ ಮೊದಲು ಏನು ಮಾಡುತ್ತಾರೆ? ನೋವಿದೆಯೇ, ಹಸಿವೇ, ಮೂತ್ರಕ್ಕೆ ಹೋಗಬೇಕೇ ಎಂದು ನೋಡುತ್ತಾರೋ, ಅಥವಾ ಮಂಚಕ್ಕೆ ಬಟ್ಟೆ ಬಿಗಿಯುತ್ತಾರೋ? ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೂಡ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಒಂಟಿ ಕೋಣೆಯಲ್ಲಿ ಕೂಡಿಹಾಕುವುದನ್ನು ನಿಷೇಧಿಸುತ್ತದೆ. ಕಟ್ಟಿಹಾಕುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಅಪಾಯ ತಪ್ಪಿಸಲು, ಶಿಕ್ಷೆಯಾಗಿ ಎಂದೂ ಅಲ್ಲ.

1901: ಕಷ್ಟದ ವರ್ಷ

1894ರಲ್ಲಿ ಆಲ್ಝೈಮರ್ ಸಿಸಿಲಿಯಾ ಗೈಸೆನ್‌ಹೈಮರ್ ಎಂಬ ಶ್ರೀಮಂತ ವಿಧವೆಯನ್ನು ಮದುವೆಯಾದರು. ಮೂವರು ಮಕ್ಕಳಾದರು. 1901ರ ಫೆಬ್ರವರಿಯಲ್ಲಿ ಸಿಸಿಲಿಯಾ ತೀರಿಕೊಂಡರು. ಮಕ್ಕಳನ್ನು ನೋಡಿಕೊಳ್ಳಲು ಆಲ್ಝೈಮರ್ ಅವರ ತಂಗಿ ಎಲಿಜಬೆತ್ ಬಂದು ನಿಂತರು. ಆ ಕಾಲದ ಜರ್ಮನಿಯಲ್ಲೂ ಮನೆಯ ಆರೈಕೆಯ ಭಾರ ಬಿದ್ದದ್ದು ಒಬ್ಬ ಹೆಣ್ಣುಮಗಳ ಹೆಗಲ ಮೇಲೆ.

ಅದೇ ವರ್ಷದ ನವೆಂಬರ್ 25ರಂದು ರೈಲ್ವೆ ಕಚೇರಿಯ ಗುಮಾಸ್ತ ಕಾರ್ಲ್ ಡೇಟರ್ ತಮ್ಮ ಹೆಂಡತಿ ಔಗುಸ್ಟೆಯನ್ನು ಆಸ್ಪತ್ರೆಗೆ ಕರೆತಂದರು. ಆಕೆಗೆ 51 ವರ್ಷ. ಮೊದಲು ಕಾಣಿಸಿದ್ದು ಮರೆವಲ್ಲ, ಸಂಶಯ. ಗಂಡನಿಗೆ ಬೇರೆ ಹೆಂಗಸಿನ ಸಂಬಂಧವಿದೆ ಎಂದು ಹಟ ಹಿಡಿದರು. ನಂತರ ಅಡುಗೆ ಕೆಡತೊಡಗಿತು. ಸಾಮಾನುಗಳನ್ನು ಎಲ್ಲೆಲ್ಲೋ ಬಚ್ಚಿಡತೊಡಗಿದರು. ಮನೆಯಲ್ಲಿ ಗೊತ್ತುಗುರಿಯಿಲ್ಲದೆ ಓಡಾಡುತ್ತಿದ್ದರು, ತಮ್ಮನ್ನು ಯಾರೋ ಕೊಲ್ಲಲು ಬರುತ್ತಿದ್ದಾರೆಂದು ಕಿರುಚುತ್ತಿದ್ದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಕೆಲಸದಾಕೆ ಒಡವೆ ಕದ್ದಳು ಎನ್ನುವ ಅತ್ತೆ, ಸೊಸೆ ಊಟ ಹಾಕುತ್ತಿಲ್ಲ ಎಂದು ನೆಂಟರಿಗೆ ಫೋನ್ ಮಾಡುವ ಮಾವ ಎಷ್ಟು ಮನೆಗಳಲ್ಲಿಲ್ಲ! ಇದು ಕೆಟ್ಟ ಬುದ್ಧಿ ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಸಂಶಯ ಕೂಡ ಕಾಯಿಲೆಯ ಲಕ್ಷಣವೇ ಆಗಿರಬಹುದು. ಕಾರ್ಲ್ ಡೇಟರ್ ಅದನ್ನು ತಿಂಗಳುಗಟ್ಟಲೆ ಸಹಿಸಿದ ಮೇಲೆಯೇ ಆಸ್ಪತ್ರೆಯ ಬಾಗಿಲು ತಟ್ಟಿದ್ದು.

ಮರುದಿನ ಆಲ್ಝೈಮರ್ ಔಗುಸ್ಟೆಯ ಮುಂದೆ ಕೂತರು. ಹೆಸರು ಕೇಳಿದರೆ ಔಗುಸ್ಟೆ ಎಂದರು. ಮನೆತನದ ಹೆಸರು ಕೇಳಿದರೂ ಔಗುಸ್ಟೆ, ಗಂಡನ ಹೆಸರು ಕೇಳಿದರೂ ಔಗುಸ್ಟೆ. ಪೆನ್ಸಿಲ್, ಬೀಗದ ಕೈ, ಹಣದ ಚೀಲ ತೋರಿಸಿದರೆ ಸರಿಯಾಗಿ ಹೇಳಿದರು. ಸ್ವಲ್ಪ ಹೊತ್ತಿನಲ್ಲಿ ಏನೇನು ನೋಡಿದ್ದೆಂಬುದೇ ಮರೆತುಹೋಯಿತು. ಮಧ್ಯಾಹ್ನದ ಊಟದಲ್ಲಿ ಹೂಕೋಸು ತಿನ್ನುತ್ತಾ ಅದು ಪಾಲಕ್ ಎಂದರು. ಹೆಸರು ಬರೆಯಲು ಹೇಳಿದರೆ ಶ್ರೀಮತಿ ಎಂಬುದನ್ನು ಬರೆದು ಮುಂದಿನದನ್ನು ಮರೆತರು. ತಾನೇ ಕಳೆದುಹೋಗಿದ್ದೇನೆ ಎಂಬ ಅರ್ಥದ ಮಾತನ್ನೂ ಆಕೆ ಆಡಿದ್ದರು. ಅಂದರೆ ಆಕೆಗೆ ಏನೂ ತಿಳಿಯುತ್ತಿರಲಿಲ್ಲ ಎನ್ನುವಂತಿಲ್ಲ. ತಮ್ಮಿಂದ ಏನೋ ಜಾರಿಹೋಗುತ್ತಿದೆ ಎಂಬುದು ಆಕೆಗೆ ಅರಿವಾಗುತ್ತಿತ್ತು.

ಆಲ್ಝೈಮರ್ ಇದನ್ನೆಲ್ಲ ಪ್ರಶ್ನೆ ಉತ್ತರದ ರೂಪದಲ್ಲಿ ಬರೆದಿಟ್ಟರು. ನೀವೂ ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಯಾವ ದಿನ ಏನಾಯಿತು, ಎಷ್ಟು ಹೊತ್ತು ನಿದ್ದೆ, ಯಾವ ಮಾತ್ರೆ ಶುರುವಾದ ಮೇಲೆ ಏನು ಬದಲಾಯಿತು ಎಂದು ಬರೆದಿಡಿ. ಹತ್ತು ನಿಮಿಷದ ಭೇಟಿಯಲ್ಲಿ ವೈದ್ಯರಿಗೆ ನೀವು ಕೊಡಬಹುದಾದ ಅತಿ ದೊಡ್ಡ ಸಹಾಯ ಅದು.

ಗಂಡನ ಖರ್ಚು, ಗಂಡನ ಸಂಕಟ

ಕಾರ್ಲ್ ಡೇಟರ್ ಅವರ ಕಡೆಯಿಂದ ಈ ಕಥೆಯನ್ನು ಹೇಳುವವರು ಕಡಿಮೆ. ಅವರು ಗುಮಾಸ್ತ, ಒಬ್ಬಳೇ ಮಗಳು, ಹೆಂಡತಿಗೆ ವಾಸಿಯಾಗದ ಕಾಯಿಲೆ. ಆಸ್ಪತ್ರೆಯ ಶುಲ್ಕ ತಿಂಗಳು ತಿಂಗಳು ಕಟ್ಟುವುದು ಕಷ್ಟವಾಯಿತು. ಕಡಿಮೆ ಖರ್ಚಿನ ಬೇರೆ ಸಂಸ್ಥೆಗೆ ಸಾಗಿಸುವ ಮಾತು ಬಂತು. ಆಗ ಆಲ್ಝೈಮರ್ ಮಧ್ಯೆ ಬಂದು ಆಕೆ ಫ್ರಾಂಕ್‌ಫರ್ಟ್‌ನಲ್ಲೇ ಉಳಿಯುವಂತೆ ಮಾಡಿದರು. ಬದಲಿಗೆ, ಆಕೆಯ ಸಾವಿನ ನಂತರ ದಾಖಲೆಗಳೂ ಮಿದುಳೂ ಅಧ್ಯಯನಕ್ಕೆ ತಮಗೆ ಸಿಗುವಂತೆ ಒಪ್ಪಿಗೆಯಾಯಿತು.

ಇದು ದಯೆಯೋ ಸ್ವಾರ್ಥವೋ? ಎರಡೂ ಇರಬಹುದು. ಆದರೆ ಬಿಲ್ ಕಟ್ಟಲಾರದ ಗಂಡನ ಮುಂದೆ ಆ ಒಪ್ಪಂದ ಎಷ್ಟು ಸ್ವಂತ ಇಚ್ಛೆಯದ್ದು ಎಂಬ ಪ್ರಶ್ನೆಯನ್ನು ಇಂದು ಕೇಳದೆ ಇರಲಾಗದು. ಈಗಿನ ವೈದ್ಯಕೀಯ ನೀತಿ ಇಂಥ ಒಪ್ಪಿಗೆಯನ್ನು ಸುಲಭವಾಗಿ ಒಪ್ಪುವುದಿಲ್ಲ. ನಿಮ್ಮವರನ್ನು ಸಂಶೋಧನೆಗೆ ಸೇರಿಸಲು ಯಾರಾದರೂ ಕೇಳಿದರೆ, ಬೇಡ ಎಂದರೂ ಆರೈಕೆಗೆ ತೊಂದರೆಯಾಗುವುದಿಲ್ಲ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಖರ್ಚಿನ ವಿಷಯದಲ್ಲೂ ಡೇಟರ್ ಮನೆಯ ಪಾಠ ಹಳೆಯದಾಗಿಲ್ಲ. ಡಿಮೆನ್ಷಿಯಾ ಆರು ತಿಂಗಳ ಕಾಯಿಲೆಯಲ್ಲ. ಔಗುಸ್ಟೆ ಆಸ್ಪತ್ರೆಯಲ್ಲಿದ್ದದ್ದೇ ನಾಲ್ಕೂವರೆ ವರ್ಷ. ಕೇಂದ್ರ ಆರಿಸುವಾಗ ಮೊದಲ ತಿಂಗಳ ಶುಲ್ಕ ನೋಡಬೇಡಿ. ಐದು ವರ್ಷ ಕಟ್ಟಬಲ್ಲೆವೇ ಎಂದು ಲೆಕ್ಕ ಹಾಕಿ. ಡೈಪರ್, ಔಷಧ, ಫಿಸಿಯೋಥೆರಪಿ, ಆಸ್ಪತ್ರೆಗೆ ಕರೆದೊಯ್ಯುವ ಖರ್ಚು ಬೇರೆಯೇ ಎಂದು ಕೇಳಿ. ಅರ್ಧದಲ್ಲಿ ಜಾಗ ಬದಲಿಸುವುದು ರೋಗಿಗೆ ತುಂಬಾ ಕಷ್ಟ. ಪರಿಚಿತ ಗೋಡೆ, ಪರಿಚಿತ ಮುಖ ಅವರಿಗೆ ಉಳಿದಿರುವ ಕೊನೆಯ ಆಸರೆ.

ಹಾಸಿಗೆ ಹುಣ್ಣು: ಕೊನೆಗೆ ಜೀವ ತೆಗೆದದ್ದು

1903ರಲ್ಲಿ ಆಲ್ಝೈಮರ್ ಫ್ರಾಂಕ್‌ಫರ್ಟ್ ಬಿಟ್ಟು ಹೈಡೆಲ್‌ಬರ್ಗ್‌ನಲ್ಲಿದ್ದ ಹೆಸರಾಂತ ಮನೋವೈದ್ಯ ಎಮಿಲ್ ಕ್ರೆಪೆಲಿನ್ ಅವರ ಬಳಿ ಹೋದರು, ಅಲ್ಲಿಂದ ಅವರ ಜೊತೆಗೇ ಮ್ಯೂನಿಕ್‌ಗೆ. ಅಲ್ಲಿ ಅವರು ಸಂಬಳವಿಲ್ಲದೆ ದುಡಿದರು. ಹೆಂಡತಿ ಬಿಟ್ಟುಹೋದ ಆಸ್ತಿ ಇದ್ದುದರಿಂದ ಅದು ಸಾಧ್ಯವಾಯಿತು. ವಿದ್ಯಾರ್ಥಿಗಳಿಗೆ ಸೂಕ್ಷ್ಮದರ್ಶಕ ತೋರಿಸುತ್ತಾ ಒಬ್ಬೊಬ್ಬರ ಮೇಜಿನ ಮೇಲೂ ಅರ್ಧ ಸೇದಿದ ಚುಟ್ಟಾ ಮರೆತು ಬರುತ್ತಿದ್ದರಂತೆ. ದೂರದಲ್ಲಿದ್ದರೂ ಔಗುಸ್ಟೆಯ ಸ್ಥಿತಿಯನ್ನು ಮಾತ್ರ ಮರೆಯಲಿಲ್ಲ, ವಿಚಾರಿಸುತ್ತಲೇ ಇದ್ದರು.

ಔಗುಸ್ಟೆ ಕೊನೆಯ ದಿನಗಳಲ್ಲಿ ಕಾಲುಗಳನ್ನು ಮಡಚಿಕೊಂಡು ಹಾಸಿಗೆಯಲ್ಲೇ ಇದ್ದರು. ಮಲಮೂತ್ರದ ಹಿಡಿತ ಹೋಗಿತ್ತು. ಬೆನ್ನಿನ ಕೆಳಭಾಗದಲ್ಲಿ ಹುಣ್ಣಾಯಿತು. ನಂಜು ರಕ್ತಕ್ಕೇರಿತು, ಜೊತೆಗೆ ನ್ಯುಮೋನಿಯಾ. 1906ರ ಏಪ್ರಿಲ್ 8ರಂದು, 55ನೇ ವಯಸ್ಸಿನಲ್ಲಿ ತೀರಿಕೊಂಡರು. ಎಲ್ಲ ಆರೈಕೆಯ ನಡುವೆಯೂ ಹುಣ್ಣಾಯಿತು ಎಂದು ಆಲ್ಝೈಮರ್ ತಮ್ಮ ವರದಿಯಲ್ಲಿ ದಾಖಲಿಸಿದ್ದಾರೆ. ಆಗ ಆಂಟಿಬಯೋಟಿಕ್ ಇರಲಿಲ್ಲ.

ಔಷಧ ಅಂಗಡಿಯಲ್ಲಿ ನಿಂತವರಿಗೆ ಇದು ಚೆನ್ನಾಗಿ ಗೊತ್ತು: ಮನೆಯವರು ನೆನಪಿನ ಮಾತ್ರೆಯ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ, ಚರ್ಮದ ಬಗ್ಗೆ ಒಂದೂ ಕೇಳುವುದಿಲ್ಲ. ಆದರೆ ಹಾಸಿಗೆ ಹಿಡಿದವರಲ್ಲಿ ಅಪಾಯ ಚರ್ಮದಿಂದಲೇ ಶುರುವಾಗುತ್ತದೆ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಗಾಳಿಯ ಹಾಸಿಗೆ ಇದ್ದರೂ ಈ ಕೆಲಸ ತಪ್ಪುವುದಿಲ್ಲ. ಹಿಮ್ಮಡಿ, ಸೊಂಟದ ಹಿಂಭಾಗ, ಪಕ್ಕದ ಮೂಳೆ, ಮೊಣಕೈ ದಿನಾ ನೋಡಬೇಕು. ಒದ್ದೆ ಡೈಪರ್ ಹಾಗೇ ಬಿಡಬಾರದು. ಬೇಳೆ, ಮೊಸರು, ಮೊಟ್ಟೆ ಹೀಗೆ ಪ್ರೋಟೀನ್ ಸಾಕಷ್ಟು ಸಿಗಬೇಕು. ಒತ್ತಿದರೂ ಮಾಯವಾಗದ ಕೆಂಪು ಅಥವಾ ಕಪ್ಪಾದ ಕಲೆ ಕಂಡರೆ ಅಂದೇ ದಾದಿಗೆ ತೋರಿಸಿ. ಕೇಂದ್ರಕ್ಕೆ ನೋಡಲು ಹೋದಾಗ ಕೈ ಹಿಡಿದು ಮಾತಾಡಿಸಿ ಬರುವುದಷ್ಟೇ ಅಲ್ಲ, ಹೊದಿಕೆ ಸರಿಸಿ ಹಿಮ್ಮಡಿಯನ್ನೂ ಬೆನ್ನನ್ನೂ ನೋಡಿ. ಅದು ಅನುಮಾನವಲ್ಲ, ಆರೈಕೆ.

ಯಾರೂ ಪ್ರಶ್ನೆ ಕೇಳದ ಭಾಷಣ

ಔಗುಸ್ಟೆಯ ಮಿದುಳು ಮ್ಯೂನಿಕ್ ತಲುಪಿತು. ಬೆಳ್ಳಿಯ ಲವಣ ಬಳಸುವ ಹೊಸ ವಿಧಾನದಿಂದ ನೋಡಿದಾಗ ಎರಡು ವಿಷಯ ಕಂಡವು: ನರಕೋಶಗಳ ಒಳಗೆ ಗಂಟು ಬಿದ್ದ ನಾರುಗಳು, ಕೋಶಗಳ ಹೊರಗೆ ಅಲ್ಲಲ್ಲಿ ಯಾವುದೋ ವಸ್ತುವಿನ ಶೇಖರಣೆ. ಇಂದು ಮೊದಲನೆಯದರಲ್ಲಿ ಟೌ, ಎರಡನೆಯದರಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಇರುವುದು ತಿಳಿದಿದೆ.

1906ರ ನವೆಂಬರ್ 3ರಂದು ಟ್ಯೂಬಿಂಗೆನ್‌ನ ಮನೋವೈದ್ಯರ ಸಭೆಯಲ್ಲಿ ಆಲ್ಝೈಮರ್ ಇದನ್ನು ವಿವರಿಸಿದರು. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮರುವರ್ಷ ಚಿಕ್ಕ ಲೇಖನವಾಗಿ ಅಚ್ಚಾಯಿತು. 1910ರಲ್ಲಿ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಇದಕ್ಕೆ ಆಲ್ಝೈಮರ್ ಕಾಯಿಲೆ ಎಂದು ಹೆಸರಿಟ್ಟರು.

ಆದರೆ ಮುಂದೆ ಹಲವು ದಶಕ ಇದನ್ನು ನಡುವಯಸ್ಸಿನವರ ಅಪರೂಪದ ಕಾಯಿಲೆ ಎಂದೇ ತಿಳಿಯಲಾಗಿತ್ತು. ಮುದುಕರ ಮರೆವು ವಯಸ್ಸಿನ ಸಹಜ ಫಲವೆಂದು ಬಿಟ್ಟುಬಿಡುತ್ತಿದ್ದರು. ಅರವತ್ತಕ್ಕೆ ಅರಳುಮರುಳು ಎನ್ನುವ ನಮ್ಮ ಮಾತಿನ ಹಿಂದೆಯೂ ಇದೇ ನಂಬಿಕೆ. ವಯಸ್ಸಾದವರ ಮಿದುಳಿನಲ್ಲೂ ಅದೇ ಬದಲಾವಣೆಗಳಿವೆ ಎಂಬುದು 1960 ಮತ್ತು 1970ರ ದಶಕಗಳಲ್ಲಿ ಸ್ಪಷ್ಟವಾಯಿತು. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 7.4 ಶೇಕಡಾ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಅಂದರೆ 60 ದಾಟಿದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಿಗೆ ಇಲ್ಲ. ಮರೆವು ವಯಸ್ಸಿನ ತೆರಿಗೆಯಲ್ಲ, ಪರೀಕ್ಷೆ ಮಾಡಿಸಬೇಕಾದ ಲಕ್ಷಣ.

ಎಲ್ಲ ಡಿಮೆನ್ಷಿಯಾವೂ ಆಲ್ಝೈಮರ್ ಅಲ್ಲ. ಮಿದುಳಿನ ರಕ್ತನಾಳಗಳು ಗಟ್ಟಿಯಾಗಿ ಬರುವ ಮರೆವಿನ ಬಗ್ಗೆ ಸ್ವತಃ ಆಲ್ಝೈಮರ್ ಅವರೇ ಮೊದಲು ಅಧ್ಯಯನ ಮಾಡಿದ್ದರು. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ ಕೂಡ ಮರೆವು ತರಬಹುದು. ಇವುಗಳಿಗೆ ಚಿಕಿತ್ಸೆ ಇದೆ.

ಅಂದಿನ ಔಷಧ, ಇಂದಿನ ಔಷಧ

ಆಲ್ಝೈಮರ್ ಕಾಲದ ಆಸ್ಪತ್ರೆಗಳಲ್ಲಿ ರೋಗಿಯನ್ನು ಮಲಗಿಸಲು ಕ್ಲೋರಲ್ ಹೈಡ್ರೇಟ್, ಪ್ಯಾರಾಲ್ಡಿಹೈಡ್ ಮುಂತಾದವು ಬಳಕೆಯಲ್ಲಿದ್ದವು. ಕಾಯಿಲೆಗೆ ಔಷಧವೇ ಇರಲಿಲ್ಲ. ಡೊನೆಪೆಜಿಲ್ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್, ಮೆಮಂಟಿನ್ ಕೂಡ ಈಗ ಬಳಕೆಯಲ್ಲಿವೆ. ಇವು ಕಾಯಿಲೆಯನ್ನು ನಿಲ್ಲಿಸುವುದಿಲ್ಲ, ಕೆಲವರಲ್ಲಿ ಲಕ್ಷಣಗಳನ್ನು ಸ್ವಲ್ಪ ಕಾಲ ಹಗುರ ಮಾಡುತ್ತವೆ. ರಿವಾಸ್ಟಿಗ್ಮಿನ್ ಪಟ್ಟಿ ಹಚ್ಚುವವರು ಹಳೆಯದನ್ನು ತೆಗೆದೇ ಹೊಸದನ್ನು ಹಚ್ಚಬೇಕು. ಎರಡು ಒಟ್ಟಿಗೆ ಉಳಿದರೆ ಔಷಧ ಮಿತಿ ಮೀರುತ್ತದೆ.

ಮುಖ್ಯವಾಗಿ ಗಮನಿಸಬೇಕಾದದ್ದು ರಿಸ್ಪೆರಿಡೋನ್, ಓಲಾನ್ಜಪೈನ್, ಕ್ವೆಟಿಯಾಪಿನ್‌ನಂಥ ಔಷಧಗಳು. ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಇವು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿತು. ಕೆಲವೊಮ್ಮೆ ಇವು ಬೇಕಾಗುತ್ತವೆ, ಕಡಿಮೆ ಪ್ರಮಾಣದಲ್ಲಿ, ಕಡಿಮೆ ಕಾಲಕ್ಕೆ. ಆದರೆ ಸಿಬ್ಬಂದಿ ಕಡಿಮೆ ಇದೆ ಎಂಬ ಕಾರಣಕ್ಕೆ ರೋಗಿಯನ್ನು ಮಂಪರಿನಲ್ಲಿ ಇಡುವುದು ಹಳೆಯ ಬಿಗಿಯಂಗಿಯ ಹೊಸ ರೂಪ. ಕೆಲವು ನಿದ್ದೆ ಮಾತ್ರೆ, ಶೀತ ಮತ್ತು ಅಲರ್ಜಿಯ ಔಷಧ, ಮೂತ್ರ ಹಿಡಿತದ ಮಾತ್ರೆಗಳೂ ಗೊಂದಲ ಹೆಚ್ಚಿಸಬಹುದು. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಎಲ್ಲ ಮಾತ್ರೆಗಳ ಪಟ್ಟಿಯನ್ನು ವೈದ್ಯರ ಮುಂದಿಟ್ಟು ಒಂದೊಂದೂ ಏಕೆ, ಎಷ್ಟು ದಿನ ಎಂದು ಕೇಳಿ.

ಕೊನೆಯ ವರ್ಷಗಳು ಮತ್ತು ಸಿಕ್ಕ ಕಡತ

1912ರಲ್ಲಿ ಆಲ್ಝೈಮರ್ ಬ್ರೆಸ್ಲೌ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಈಗ ಆ ಊರು ಪೋಲೆಂಡಿನ ವ್ರೊಟ್ಸ್ವಾಫ್. ಅಲ್ಲಿಗೆ ಹೋಗುವ ರೈಲಿನಲ್ಲೇ ಕಾಯಿಲೆ ಬಿದ್ದರು, ಮತ್ತೆ ಪೂರ್ತಿ ಸುಧಾರಿಸಲಿಲ್ಲ. ಹೃದಯ ಸೋತಿತು, ಮೂತ್ರಪಿಂಡ ಸೋತಿತು. 1915ರ ಡಿಸೆಂಬರ್ 19ರಂದು ತೀರಿಕೊಂಡರು. ಆಗ ಅವರಿಗೆ 51 ವರ್ಷ, ಔಗುಸ್ಟೆ ಆಸ್ಪತ್ರೆಗೆ ಬಂದಾಗ ಇದ್ದಷ್ಟೇ ವಯಸ್ಸು. ಫ್ರಾಂಕ್‌ಫರ್ಟ್‌ನಲ್ಲಿ ಹೆಂಡತಿಯ ಪಕ್ಕದಲ್ಲಿ ಸಮಾಧಿ ಮಾಡಲಾಯಿತು.

ಔಗುಸ್ಟೆಯ ಕಡತ ಕಾಣೆಯಾಗಿತ್ತು. 1995ರಲ್ಲಿ ಫ್ರಾಂಕ್‌ಫರ್ಟ್‌ನ ಮನೋವೈದ್ಯ ಕೊನ್ರಾಡ್ ಮೌರರ್ ಮತ್ತು ಸಂಗಡಿಗರಿಗೆ ಅದು ಆಸ್ಪತ್ರೆಯ ಹಳೆಯ ದಾಖಲೆಗಳಲ್ಲಿ ಸಿಕ್ಕಿತು. ಆಲ್ಝೈಮರ್ ಕೈಬರಹ, ಆಕೆಯ ಅರ್ಧಂಬರ್ಧ ಸಹಿ, ಆಕೆಯ ಫೋಟೋ ಎಲ್ಲವೂ ಅದರಲ್ಲಿದ್ದವು. ಆಕೆ ಮಾತಾಡಿದ್ದನ್ನು ಯಾರೋ ಕೂತು ಕೇಳಿದ್ದಕ್ಕೆ ಇಂದು ನಮಗೆ ಆಕೆ ಒಬ್ಬ ವ್ಯಕ್ತಿಯಾಗಿ ಗೊತ್ತು.

ಕೇಂದ್ರಕ್ಕೆ ಸೇರಿಸುವ ಮುನ್ನ ಕೇಳಿ

- ಹಗಲು ಎಷ್ಟು ಜನರಿಗೆ ಒಬ್ಬ ಸಿಬ್ಬಂದಿ? ರಾತ್ರಿ ಎಷ್ಟು? ತರಬೇತಿ ಪಡೆದ ದಾದಿ ರಾತ್ರಿಯೂ ಇರುತ್ತಾರೆಯೇ?
- ಹೇಳದೆ ಬಂದು ನೋಡಬಹುದೇ? ಊಟದ ಹೊತ್ತಿನಲ್ಲಿ, ಸಂಜೆ ಹೊತ್ತಿನಲ್ಲಿ ಒಮ್ಮೆ ಹೋಗಿ ನೋಡಿ.
- ಮಗ್ಗಲು ಬದಲಿಸಿದ್ದನ್ನು, ಊಟ, ತೂಕ, ಬಿದ್ದ ಘಟನೆಗಳನ್ನು ಬರೆದಿಡುತ್ತಾರೆಯೇ? ಆ ಪುಸ್ತಕ ನಿಮಗೆ ತೋರಿಸುತ್ತಾರೆಯೇ?
- ಹೊಸ ಔಷಧ ಶುರು ಮಾಡುವ ಮೊದಲು ನಿಮಗೆ ಹೇಳುತ್ತಾರೆಯೇ?
- ಕಟ್ಟಿಹಾಕುವ ಬಗ್ಗೆ ಅವರ ನಿಯಮವೇನು?
- ಕನ್ನಡ ಬಲ್ಲವರು ಯಾರಾದರೂ ಇದ್ದಾರೆಯೇ? ಮುಂಬೈಯಲ್ಲೋ ದೆಹಲಿಯಲ್ಲೋ ನಲವತ್ತು ವರ್ಷ ಹಿಂದಿ, ಮರಾಠಿ ಆಡಿದವರೂ ಈ ಕಾಯಿಲೆಯಲ್ಲಿ ನಂತರ ಕಲಿತ ಭಾಷೆ ಮರೆತು ತಾಯ್ನುಡಿಗೆ ಮರಳುವುದುಂಟು. ಯಾರೂ ಸಿಗದಿದ್ದರೆ ನೀರು, ಊಟ, ನೋವು, ಬಚ್ಚಲು, ಹೆದರಬೇಡಿ ಇಂಥ ಇಪ್ಪತ್ತು ಮಾತುಗಳನ್ನು ಸಿಬ್ಬಂದಿಯ ಲಿಪಿಯಲ್ಲಿ ಬರೆದು ಮಂಚದ ಬಳಿ ಅಂಟಿಸಿ.

ಯಾರ ಬಳಿ ಕೇಳಬೇಕೆಂದು ತೋಚದಿದ್ದರೆ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು. ಮನಸ್ಸಿಗೆ ಭಾರವಾದರೆ ಟೆಲಿ ಮಾನಸ್ 14416 ಇದೆ. ಅದು ಆರೈಕೆ ಮಾಡುವವರಿಗೂ ಹೌದು.

ಕೇಂದ್ರಕ್ಕೆ ಸೇರಿಸಿದರೆ ನಾಲ್ಕು ಜನ ಏನಂದಾರು ಎಂಬ ಚಿಂತೆ ಬಹಳ ಮನೆಗಳನ್ನು ತಿನ್ನುತ್ತದೆ. ಕಾರ್ಲ್ ಡೇಟರ್ ಹೆಂಡತಿಯನ್ನು ಕೈಬಿಡಲಿಲ್ಲ. ಒಬ್ಬರ ಕೈಲಾಗದ್ದನ್ನು ಹಲವರ ಕೈಗೆ ಕೊಟ್ಟರು. ಅಲ್ಲಿಗೆ ಮನೆಯವರ ಕೆಲಸ ಮುಗಿಯುವುದಿಲ್ಲ, ಬೇರೆ ರೂಪ ತಾಳುತ್ತದೆ. ಹೋಗಿ ನೋಡುವುದು, ಕೇಳುವುದು, ಬರೆದಿಡುವುದು, ಹೆಸರು ಹಿಡಿದು ಕರೆಯುವುದು ನಿಮ್ಮ ಕೈಯಲ್ಲೇ ಉಳಿದಿರುತ್ತದೆ.